ಅಜ್ಜಿ ಕೊಟ್ಟ ಎಂಜಲು

ಮೊನ್ನೆ ಸಿಂಧನೂರಿನ ಬಸ್ ನಿಲ್ದಾಣದಲ್ಲಿ ಗೆಳತಿ ಅರ್ಧ ಕುಡಿದಿಟ್ಟ ನೀರಿನ ಬಾಟಲಿಗೆ ಬಾಯಿ ಹಚ್ಚಿ ಕುಡಿದೆ. ಕುಡಿದ ಮೇಲೆ ಸಂತೆಕಲ್ಲೂರಿನ ಅಜ್ಜಿ ನೆನಪಾದಳು. ಮುಂದೆ ಹೇಳುವುದರಲ್ಲಿ ನಾನು ಕಂಡದ್ದೆಷ್ಟು, ಅವ್ವ ಹೇಳಿದ್ದೆಷ್ಟು ಎಂದು ಈಗ ವಿಂಗಡಿಸಲಾರೆ. ನೀವೂ ಪೂರ್ತಿ ನಂಬಬೇಡಿ.

ಅಜ್ಜಿ ಉಂಡ ತಾಟನ್ನು ಸೊಸೆಯಂದಿರೂ ಮುಟ್ಟುವಂತಿರಲಿಲ್ಲ. ತಾನೇ ತೊಳೆದಿಡುತ್ತಿದ್ದಳು. ಅಂಥವಳ ಮುಂದೆ ಒಂದು ದಿನ ಅವಳ ಮಗ, ದೂರದ ಊರಿನ ಪ್ರಯೋಗಾಲಯದಲ್ಲಿ ವಿಜ್ಞಾನಿಯಾಗಿದ್ದ ನನ್ನ ಸೋದರಮಾವ, ಸಣ್ಣ ಪ್ಲಾಸ್ಟಿಕ್ ಕೊಳವೆ ಹಿಡಿದ.

“ಇದರಾಗ ಉಗುಳು ಬೇ ಯವ್ವಾ.”

“ಹುಚ್ಚ ಹಿಡದೈತೇನಲೇ? ನಿನ್ನ ಎಂಜಲ ತಿಂದು ನಿನ್ನ ಬೆಳಸೀನಿ. ನನ್ನ ಎಂಜಲ ನಿನ್ನ ಕೈಯಾಗ ಕೊಡಲೇನು?”

“ನಮ್ಮ ಹಿರೇರು ಎಲ್ಲಿಂದ ಬಂದಾರಂತ ಅದರಾಗ ಗೊತ್ತಾಗತೈತಿ.”

“ಪಾಮನಕಲ್ಲೂರಿಂದ ಬಂದಾರ. ಅಷ್ಟಕ್ಕ ಉಗುಳೋದ್ಯಾಕ?”

ಕೊನೆಗೆ ಮಗನ ಮಾತಿಗೆ ಸೋತಳು. ಬಾಯೊಳಗಿನ ಎಲೆ ಅಡಿಕೆ ಉಗಿದು, ಬಾಯಿ ಮುಕ್ಕಳಿಸಿ, ಗೋಡೆಯ ಕಡೆ ತಿರುಗಿ, ಸೆರಗು ಮರೆಮಾಡಿ ಕೊಳವೆ ತುಂಬಿಸಿದಳು. ಆಮೇಲೆ ತಲೆಮೇಲೆ ನೀರು ಹಾಕಿಕೊಂಡಳೆಂದು ನನ್ನ ನೆನಪು. ಬರೀ ಮುಖ ತೊಳೆದಳೆನ್ನುತ್ತಾಳೆ ಅವ್ವ.

ಮಾಮ ಊರಿಗೆ ಬಂದಾಗಲೆಲ್ಲ ಅಜ್ಜಿ ಕೇಳುತ್ತಿದ್ದಳು, “ನನ್ನ ಉಗುಳು ಏನ ಹೇಳ್ತಲೇ?”

“ಇನ್ನಾ ನೋಡಾಕತ್ತಾರ ಬೇ.”

ಕೇಳುತ್ತ ಕೇಳುತ್ತಲೇ ಹೋದಳು. ಅವಳನ್ನು ಮಣ್ಣು ಮಾಡಿ ಬಂದು ಕೂತಾಗ ಮಾಮ ಅವ್ವನಿಗೆ ಹೇಳಿದ: “ನಮ್ಮ ಪ್ರಯೋಗಾಲಯದ ಮ್ಯಾಲಿನವರಿಗೆ ಬೇಕಾಗಿದ್ದು ಒಂದ ಮಾತು ಅಕ್ಕಾ. ನಾವು ಮೊದಲಿಂದ ಇಲ್ಲೇ ಇದ್ದವರು, ಯಾರೂ ಹೊರಗಿಂದ ಬಂದಿಲ್ಲ ಅಂತ. ಯವ್ವನ ಉಗುಳು ಹಂಗ ಹೇಳಲಿಲ್ಲ. ನಮ್ಮೂರಾಗ ಯಾರ‍್ಯಾರದು ಉಗುಳು ತಗೊಂಡಿದ್ವೋ ಅಷ್ಟೂ ಬಿಟ್ಟು ವರದಿ ಬರದರು.”

“ನೀ ಏನ ಮಾಡಿದಿ?”

“ಸಹಿ ಹಾಕೀನಿ.”

ವಿಜ್ಞಾನ ಮೊದಲು ಕೇಳುತ್ತದೆ, ಆಮೇಲೆ ಉತ್ತರ ಆಲಿಸುತ್ತದೆ ಎಂದು ವಿಶ್ವವಿದ್ಯಾಲಯದಲ್ಲಿ ಕಲಿತವಳು ನಾನು. ಇಲ್ಲಿ ಉತ್ತರ ಮೊದಲೇ ಬಂದು ಕುರ್ಚಿ ಹಿಡಿದಿತ್ತು. ಬೇರೆ ಪಂಗಡದವರು ಮೇಲಿದ್ದಿದ್ದರೆ ಬೇರೆ ಯಾರದೋ ಎಂಜಲು ವರದಿಯಿಂದ ಹೊರಬೀಳುತ್ತಿತ್ತೋ ಏನೋ. ನಿರಾಶ್ರಿತರಾಗಿ ಬಂದು ಸಿಂಧನೂರಿನ ಹತ್ತಿರ ಆರ್.ಎಚ್. ಕ್ಯಾಂಪಿನಲ್ಲಿ ನೆಲೆಸಿದ ಬಂಗಾಳಿಗಳು ಬೆಳೆದ ಅಕ್ಕಿ ಉಣ್ಣುತ್ತಲೇ ಅವರನ್ನು ಹೊರಗಿನವರೆನ್ನುವ ಮನೆ ನಮ್ಮದು. ಆ ಕೊಳವೆ ಹೇಳಿದ್ದನ್ನು ನಾವಾದರೂ ಕೇಳುತ್ತಿದ್ದೆವೇ?

ನಿವೃತ್ತನಾದ ಮಾಮ ಈಗ ಲಿಂಗಸುಗೂರಿನಲ್ಲಿದ್ದಾನೆ. ನಿನ್ನೆ ಮಸ್ಕಿಯಿಂದ ಬಸ್ಸು ಹಿಡಿದು ಹೋಗಿ ಕಂಡೆ. ಚಹಾ ಆಯಿತು, ಮಂಡಿನೋವಿನ ಮಾತಾಯಿತು. ಆಮೇಲೆ ಕೇಳಿದೆ. ಅವನು ಚಪ್ಪಲಿ ಮೆಟ್ಟಿ ಹೊರಗೆ ಹೋದವನು ನಾನು ಹೊರಡುವವರೆಗೂ ಬರಲಿಲ್ಲ. ನಾನು ಕೇಳಿದ್ದು ಇಷ್ಟೇ:

“ಮಾಮಾ, ಅಜ್ಜಿ ಎಂಜಲ ಯಾರ ಕೈಲೆ ಚೆಲ್ಲಿಸಿದಿ?”