ಕೆಂಪು ಚಿಪ್ಪು, ಹಸಿರು ಚಿಪ್ಪು

ನಮ್ಮ ಅಜ್ಜಿಯ ಪ್ರಕಾರ ನಮ್ಮ ಬೆಕ್ಕಿಗೆ ಬಣ್ಣ ಗೊತ್ತಿತ್ತು. ಅದರಲ್ಲೂ ಕೆಂಪು ಎಂದರೆ ಅದಕ್ಕೆ ಪ್ರಾಣ. "ನೇಯೋರ ಮನೆ ಬೆಕ್ಕು ಕಣೇ ಅದು, ಕಂಡೋರ ಮನೆ ಬೆಕ್ಕಲ್ಲ" ಎಂದು ಅಜ್ಜಿ ಬೀಗುತ್ತಿದ್ದಳು. ಅಮ್ಮ ರಾಟೆಯ ಮುಂದೆ ಕೂತು, ಲಾಳಿಯೊಳಗೆ ಇಡುವ ಬೆರಳುದ್ದದ ಕಂಡಿಕೆಗಳಿಗೆ ನೂಲು ಸುತ್ತಿ ಬುಟ್ಟಿಗೆ ಹಾಕುತ್ತಿದ್ದರೆ, ಈ ಬೆಕ್ಕು ಮೆಲ್ಲನೆ ಬಂದು ಒಂದು ಕೆಂಪು ಕಂಡಿಕೆಯನ್ನು ಕಚ್ಚಿಕೊಂಡು ಓಡುತ್ತಿತ್ತು. ಹಿಂದೆಯೇ ಅದರ ಮರಿ. ಮರಿಗೆ ಕೆಂಪೂ ಬೇಕಿರಲಿಲ್ಲ, ಹಸಿರೂ ಬೇಕಿರಲಿಲ್ಲ; ತಾಯಿಯ ಬಾಲ ಬಾಯಿಗೆ ಸಿಕ್ಕಿದರೆ ಸಾಕಿತ್ತು.

ಹಸಿರು ಕಂಡಿಕೆಯನ್ನೂ ಬೆಕ್ಕು ಕದ್ದೊಯ್ದದ್ದನ್ನು ನಾನು ಕಣ್ಣಾರೆ ಕಂಡಿದ್ದೆ. ಅಜ್ಜಿಗೆ ಹಾಗೆಂದರೆ, "ಅದು ಆಟಕ್ಕೆ ತಗೊಂಡಿದ್ದು, ಲೆಕ್ಕಕ್ಕಿಲ್ಲ" ಎನ್ನುತ್ತಿದ್ದಳು. ಅಜ್ಜಿಯ ಜೊತೆ ವಾದ ಮಾಡಿ ಗೆದ್ದವರನ್ನು ನಾನು ಈವರೆಗೆ ನೋಡಿಲ್ಲ.

ಇದು ದೊಡ್ಡಬಳ್ಳಾಪುರದ ಮಾತು, ಯುದ್ಧ ನಡೆಯುತ್ತಿದ್ದ ಕಾಲ. ನೂಲು ಸಿಗುವುದೇ ಕಷ್ಟವಾಗಿತ್ತು. ನಮ್ಮ ನಡುಮನೆಯಲ್ಲಿ ಎರಡು ಕುಣಿಮಗ್ಗಗಳಿದ್ದವು, ನೆಲದಲ್ಲಿ ತೋಡಿದ ಗುಂಡಿಗೆ ಕಾಲು ಇಳಿಬಿಟ್ಟು ನೇಯುವಂಥವು. ದೊಡ್ಡದರಲ್ಲಿ ಅಪ್ಪ. ಚಿಕ್ಕದರಲ್ಲಿ ಹೊಸದಾಗಿ ಕೂತವನು ನನ್ನ ಅಣ್ಣ. ಅವನಿಗೆ ಮಗ್ಗದ ಹುಚ್ಚು ಎಷ್ಟಿತ್ತೆಂದರೆ, ಊಟಕ್ಕೆ ಕೂತಾಗಲೂ ಕಾಲು ತುಳಿಯುತ್ತಿತ್ತು. ಕೈ ಚುರುಕು, ನೇಯ್ಗೆ ಬಿಗಿ. ಆದರೂ ಮನೆಯಲ್ಲಿ ಅವನಿಗೆ ಗಮನವಿಲ್ಲದವನು ಎಂಬ ಕೆಟ್ಟ ಹೆಸರು ಬಂದಿತ್ತು. ಸೆರಗಿನಲ್ಲಿ ಕೆಂಪು ಪಟ್ಟೆ ಬರಬೇಕಾದ ಕಡೆ ಒಂದು ಗೇಣು ಹಸಿರು ನೇಯ್ದುಬಿಡುತ್ತಿದ್ದ. ಅಪ್ಪ ಕಿವಿ ಹಿಂಡುತ್ತಿದ್ದ. ಅಣ್ಣ ತುಟಿ ಕಚ್ಚಿಕೊಂಡು ಅಷ್ಟನ್ನೂ ಬಿಚ್ಚುತ್ತಿದ್ದ. ಬಿಚ್ಚಿದ ನೂಲಿನಲ್ಲಿ ಬೆಕ್ಕಿನ ಮರಿ ನಾಲ್ಕು ಕಾಲನ್ನೂ ಸಿಕ್ಕಿಸಿಕೊಂಡು ಹಬ್ಬ ಮಾಡುತ್ತಿತ್ತು.

ಮೊನ್ನೆ ಬಿಚ್ಚಿದ್ದನ್ನೇ ಇವತ್ತು ಮತ್ತೆ ತಪ್ಪು ನೇಯ್ದ ದಿನ ಅಪ್ಪನ ತಾಳ್ಮೆ ಮುಗಿಯಿತು.

"ಇನ್ನೊಂದ್ಸಲ ಹಿಂಗ್ ಮಾಡಿದ್ರೆ ಮಗ್ಗ ಮುಟ್ಬೇಡ. ದೊಡ್ಡಬೆಳವಂಗಲದಲ್ಲಿ ನಿಮ್ಮತ್ತೆ ಮನೇಲಿ ದನ ಕಾಯ್ಕೊಂಡಿರು. ದನಕ್ಕೆ ಯಾವ ಬಣ್ಣ ಆದ್ರೂ ಆಗತ್ತೆ."

ಅಣ್ಣ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಆಮೇಲೆ ನನ್ನನ್ನು ಹಿಡಿದುಕೊಂಡ. "ಲೇ, ಸ್ವಲ್ಪ ಬಾರೇ, ಆ ಕೆಂಪು ಕಂಡಿಕೆ ಎತ್ಕೊಡು" ಎಂದು ಗಳಿಗೆಗೊಂದು ಸಲ ಕೂಗುತ್ತಿದ್ದ. ಕಂಡಿಕೆ ಇದ್ದದ್ದು ಅವನ ಮೊಣಕಾಲಿನ ಪಕ್ಕದಲ್ಲೇ. "ನಾನೇನ್ ನಿನ್ನ ಆಳಾ?" ಎಂದು ಗೊಣಗುತ್ತಾ ಎತ್ತಿಕೊಡುತ್ತಿದ್ದೆ. ದೊಡ್ಡ ಯಜಮಾನನ ಹಾಗೆ ಕೂತಲ್ಲಿಂದಲೇ ಆಡಳಿತ ಮಾಡುತ್ತಾನೆ ಎಂದು ನನಗೆ ಮೈಯೆಲ್ಲಾ ಉರಿಯುತ್ತಿತ್ತು.

ಅಷ್ಟರಲ್ಲಿ ರಜ ಬಂತು, ರಜದ ಜೊತೆ ರೈಲಿನಲ್ಲಿ ಮಾವನೂ ಬಂದ. ಅಮ್ಮನ ತಮ್ಮ, ಬೆಂಗಳೂರಿನಲ್ಲಿ ವಿಜ್ಞಾನ ಓದುತ್ತಿದ್ದವನು. ಅವನು ಬಂದನೆಂದರೆ ನಮ್ಮ ಮನೆಯ ಯಾವ ಪಾತ್ರೆಯೂ ಇದ್ದ ಜಾಗದಲ್ಲಿ ಇರುತ್ತಿರಲಿಲ್ಲ. ಮೊದಲ ದಿನವೇ ಬೆಕ್ಕನ್ನು ಎತ್ತಿಕೊಂಡು ಅಂಗಳದ ಬಿಸಿಲಿಗೆ ನಡೆದ, ನಾವಿಬ್ಬರೂ ಹಿಂದೆ. ಬಿಸಿಲಿನಲ್ಲಿ ಅದರ ಕಣ್ಣಿನ ಕಪ್ಪು ಭತ್ತದ ಕಾಳಿಗಿಂತ ಸಣ್ಣ ಗೀರಾಯಿತು. ನಡುಮನೆಯ ಮಬ್ಬಿಗೆ ತಂದರೆ ಗೋಲಿಯಷ್ಟು ಅಗಲ. "ಬೆಳಕು ಜಾಸ್ತಿ ಆದ್ರೆ ಬಾಗ್ಲು ಹಾಕ್ಕೊಳತ್ತೆ, ಕಮ್ಮಿ ಆದ್ರೆ ತೆಗೀತದೆ. ನಿಮ್ ಕಣ್ಣೂ ಹಂಗೇ, ಒಬ್ಬರದನ್ನ ಒಬ್ಬರು ನೋಡ್ಕೊಳ್ಳಿ" ಎಂದ. ಅವತ್ತೆಲ್ಲಾ ನಾನೂ ಅಣ್ಣನೂ ಮೂಗಿಗೆ ಮೂಗು ತಾಗಿಸಿಕೊಂಡು ಒಳಗಿಂದ ಹೊರಗೆ, ಹೊರಗಿಂದ ಒಳಗೆ ಓಡಾಡಿದೆವು. ಅಮ್ಮ ಬೈದಳು. ಬೆಕ್ಕು ಬೇಸತ್ತು ಅಟ್ಟ ಹತ್ತಿತು.

"ಕಣ್ಣಿನ ಮಾತು ಬಂತಲ್ಲ" ಎಂದು ಅಜ್ಜಿ ಶುರುಮಾಡಿದಳು. "ಅದಕ್ಕೆ ಕೆಂಪು ಅಂದ್ರೆ ಗೊತ್ತಾಗತ್ತೆ ಕಣಪ್ಪಾ."

ಮಾವ ಹೌದು ಎನ್ನಲಿಲ್ಲ, ಇಲ್ಲ ಎನ್ನಲಿಲ್ಲ. "ನೋಡೇಬಿಡೋಣ" ಎಂದ. ಎರಡು ತೆಂಗಿನ ಚಿಪ್ಪು ತರಿಸಿ ಒಂದಕ್ಕೆ ಕೆಂಪು ನೂಲು, ಇನ್ನೊಂದಕ್ಕೆ ಹಸಿರು ನೂಲು ದಟ್ಟವಾಗಿ ಸುತ್ತಿದ. ನೂಲು ಹಾಳಾಯಿತೆಂದು ಅಮ್ಮ ಕಣ್ಣು ಕೆಕ್ಕರಿಸಿದಳು. ಕೆಂಪು ಚಿಪ್ಪಿನಡಿ ಯಾವಾಗಲೂ ಒಂದು ಕಾಳಿನಷ್ಟು ಬೆಣ್ಣೆ, ಹಸಿರಿನಡಿ ಏನೂ ಇಲ್ಲ. ಬೆಕ್ಕು ಬಂದು ಸೀದಾ ಕೆಂಪು ಚಿಪ್ಪನ್ನು ಮಗುಚಿತು. ಮತ್ತೆ ಇಟ್ಟರೆ ಮತ್ತೆ ಕೆಂಪು. ಅಜ್ಜಿ ಸೆರಗು ಸೊಂಟಕ್ಕೆ ಸಿಗಿಸಿಕೊಂಡು ಗೆದ್ದವಳ ಹಾಗೆ ನಮ್ಮನ್ನೆಲ್ಲ ನೋಡಿದಳು.

"ತಾಳಿ ಅಜ್ಜಿ, ಅದು ಮೂಸ್ಕೊಂಡು ಹೋಗಿರಬೋದು" ಎಂದ ಮಾವ ಎರಡು ಚಿಪ್ಪಿಗೂ ಒಳಗಡೆ ಬೆಣ್ಣೆ ಸವರಿದ. ಈಗ ಎರಡೂ ಒಂದೇ ಘಮ. ಬೆಕ್ಕು ಬಂತು, ನಿಂತಿತು, ಮೀಸೆ ಅಲ್ಲಾಡಿಸಿತು, ಬಾಗಿಲ ಕಡೆಯ ಚಿಪ್ಪಿಗೆ ಕೈ ಹಾಕಿತು. ಚಿಪ್ಪುಗಳನ್ನು ಅದಲು ಬದಲು ಮಾಡಿದರೂ ಬಾಗಿಲ ಕಡೆಯದೇ. ಅದಕ್ಕೆ ಬಣ್ಣಕ್ಕಿಂತ ಬಾಗಿಲೇ ಮುಖ್ಯವಾಗಿತ್ತು. ಮರಿಯಂತೂ ಮಾವನ ಪಂಚೆಯ ತುದಿಯನ್ನೇ ಬೇಟೆಯಾಡುತ್ತಾ ಪರೀಕ್ಷೆಯನ್ನೇ ಬಹಿಷ್ಕರಿಸಿತು.

ಅಜ್ಜಿ ಸೋಲುತ್ತಾಳೆಯೇ? "ನಿನ್ ಮೈಮೇಲೆ ಅದೇನೋ ಕಾಲೇಜಿನ ವಾಸನೆ. ಬೆಕ್ಕು ಬೆದರ್ತಾ ಇದೆ. ನನ್ನ ಮೊಮ್ಮಗ ಕೆಂಪಿನಡಿ ಬೆಣ್ಣೆ ಇಡ್ಲಿ" ಎಂದು ಅಣ್ಣನನ್ನು ಮುಂದೆ ತಳ್ಳಿದಳು.

ನಾನು ಬೆಕ್ಕನ್ನು ಬಾಗಿಲಾಚೆ ಹಿಡಿದುಕೊಂಡೆ. ಎಲ್ಲರೂ ಬೆನ್ನು ತಿರುಗಿಸಿದರು. ಅಣ್ಣ ಒಂದು ಚಿಪ್ಪಿನಡಿ ಕಾಳಿನಷ್ಟು ಬೆಣ್ಣೆ ಇಟ್ಟ. ಬೆಕ್ಕು ಮಗುಚಿದ್ದು ಕೆಂಪು ಚಿಪ್ಪು, ಅಡಿಯಲ್ಲಿ ಬೆಣ್ಣೆಯಿಲ್ಲ. ಬೆಣ್ಣೆ ಇದ್ದದ್ದು ಹಸಿರಿನಡಿ.

"ಕೆಂಪಿನಡಿ ಇಡು ಅಂದ್ರೆ ಏನೋ ಇದು? ಅಜ್ಜೀನ ಸೋಲ್ಸಕ್ಕೆ ಕಿತಾಪತಿನಾ?" ಎಂದು ಮಾವ ನಕ್ಕ.

"ಕೆಂಪಿನಡೀಲೇ ಇಟ್ಟೆ ಮಾವ."

ಅಣ್ಣನ ಮುಖದಲ್ಲಿ ತುಂಟತನದ ಸುಳಿವೂ ಇರಲಿಲ್ಲ. ಮಾವ ಅವನನ್ನೇ ಸ್ವಲ್ಪ ಹೊತ್ತು ನೋಡಿದ. ಆಮೇಲೆ ಏನೂ ಆಗದವನಂತೆ, "ಸರಿ ಬಿಡು, ಬೆಕ್ಕಿಗೆ ಬೇಜಾರಾಗಿದೆ. ಈಗ ನೀವಿಬ್ರೂ ಬೆಕ್ಕಾಗಿ. ಕೆಂಪಿನಡಿ ಬೆಲ್ಲ ಇರತ್ತೆ, ಕೈಯಿಂದ ಮುಟ್ಟಂಗಿಲ್ಲ, ಮೂಗಿಂದ ತಳ್ಬೇಕು" ಎಂದ.

ಮೊದಲು ನಾನು. ಅಂಬೆಗಾಲಿಟ್ಟು ಹೋಗಿ ಪ್ರತಿ ಸಲವೂ ಬೆಲ್ಲ ತಿಂದೆ. ಇದರಲ್ಲಿ ಕಷ್ಟವೇನಿದೆ ಎಂದು ನನಗೇ ಅರ್ಥವಾಗಲಿಲ್ಲ. ಆಮೇಲೆ ಅಣ್ಣ "ಮಿಯಾಂವ್" ಎನ್ನುತ್ತಾ ಬಂದ. ಒಮ್ಮೆ ಬೆಲ್ಲ ಸಿಕ್ಕಿತು. ಮುಂದಿನ ಸಲ ಹಸಿರು ಚಿಪ್ಪು ತಳ್ಳಿ ನೆಲ ನೆಕ್ಕಿದ. ಅಜ್ಜಿ ಬಿದ್ದು ಬಿದ್ದು ನಕ್ಕಳು, ಅಮ್ಮ ರಾಟೆ ಬಿಟ್ಟು ನಕ್ಕಳು. ಮತ್ತೆ ಹಸಿರು. ಮತ್ತೆ ಕೆಂಪು. ಮತ್ತೆ ಹಸಿರು. ನಗು ಒಬ್ಬೊಬ್ಬರಲ್ಲೇ ನಿಂತಿತು. ಆಗಲೇ ನಮಗೆ ಗೊತ್ತಾದದ್ದು, ದೊಡ್ಡ ಮಗ್ಗದ ಸದ್ದೂ ನಿಂತಿದೆ ಎಂದು. ಅಪ್ಪ ಗುಂಡಿಯಿಂದ ಎದ್ದು ಬಂದು ನಮ್ಮ ಹಿಂದೆ ನಿಂತಿದ್ದ.

ಅವನು ಬುಟ್ಟಿಯಿಂದ ಎರಡು ಕಂಡಿಕೆ ತೆಗೆದುಕೊಂಡು ಅಣ್ಣನ ಎದುರು ಕುಕ್ಕರಗಾಲಲ್ಲಿ ಕೂತ.

"ಇದ್ಯಾವ್ದು ಮಗಾ?"

"ಒಂದು ಸ್ವಲ್ಪ ಮಂಕು, ಇನ್ನೊಂದು ಸ್ವಲ್ಪ ಬೆಳ್ಳಗೆ. ಬಿಸಿಲಲ್ಲಿ ಹಿಡಿದ್ರೆ ಹೆಂಗೋ ಹೇಳ್ಬೋದು. ಮಗ್ಗದ ಹತ್ರ ಎರಡೂ ಒಂದೇ ಅಪ್ಪಾ."

"ಮತ್ತೆ ಯಾಕೋ ಇಷ್ಟು ದಿನ ಬಾಯಿ ಬಿಡ್ಲಿಲ್ಲ?"

"ಎಲ್ರಿಗೂ ಹಿಂಗೇ ಕಾಣತ್ತೆ, ನೀವೆಲ್ಲಾ ಗಮನ ಇಟ್ಟು ನೋಡ್ತೀರ, ನಂಗೇ ಗಮನ ಇಲ್ಲ ಅನ್ಕೊಂಡಿದ್ದೆ."

ನನಗೆ ಅಳು ಬಂತು, ಬೆಲ್ಲ ಬಾಯಲ್ಲೇ ಇತ್ತು. ಕೆಲವರು ಹುಟ್ಟುವಾಗಲೇ ಹೀಗಿರುತ್ತಾರೆ, ಇದು ರೋಗವಲ್ಲ, ಸೋಮಾರಿತನವಂತೂ ಅಲ್ಲವೇ ಅಲ್ಲ ಎಂದು ಮಾವ ಮೆಲ್ಲಗೆ ವಿವರಿಸಿದ. ಅಜ್ಜಿ ಯಾರದೋ ದೃಷ್ಟಿ ತಾಗಿದೆ ಎಂದು ಉಪ್ಪು ಮೆಣಸಿನಕಾಯಿ ತರಲು ಒಳಗೆ ಹೋದಳು. ಅಪ್ಪ ತಾನು ಹಿಂಡುತ್ತಿದ್ದ ಆ ಕಿವಿಯ ಮೇಲೆ ಕೈಯಿಟ್ಟು, ಹೆಬ್ಬೆರಳಿನಿಂದ ಸವರುತ್ತಾ ಕೂತಿದ್ದ.

"ಹಂಗಾದ್ರೆ ನಾನು ದೊಡ್ಡಬೆಳವಂಗಲಕ್ಕೆ ಹೋಗ್ಬೇಕಾ?" ಎಂದ ಅಣ್ಣ.

ಅಪ್ಪ ಎದ್ದು ಮಗ್ಗದ ಹತ್ತಿರ ಹೋದ. ಕಟ್ಟೆಯ ಮೇಲೆ ಕೂತು ಚಾಕು ತೆಗೆದು, ಹಸಿರು ನೂಲು ಸುತ್ತುವ ಕಂಡಿಕೆಗಳ ತುದಿಗೆಲ್ಲ ಒಂದೊಂದು ಕಚ್ಚು ಹಾಕತೊಡಗಿದ. ಕೆಂಪಿನವು ನುಣುಪಾಗಿಯೇ ಉಳಿದವು. ಮುಗಿದ ಮೇಲೆ ಅಣ್ಣನನ್ನು ಕರೆದು ಕಣ್ಣು ಮುಚ್ಚಿಸಿ, ಒಂದೊಂದನ್ನೇ ಅವನ ಅಂಗೈಗಿಟ್ಟ. ಅಣ್ಣ ಉಗುರಿನಿಂದ ತುದಿ ತಡವಿ, "ಹಸಿರು. ಹಸಿರು. ಕೆಂಪು" ಎನ್ನುತ್ತಾ ಹೋದ. ಒಂದೂ ತಪ್ಪಲಿಲ್ಲ. ಸಂಜೆಯೊಳಗೆ ಚಿಕ್ಕ ಮಗ್ಗದ ಮೇಲೆ ಒಂದು ಗೇಣು ಸೆರಗು ಎದ್ದಿತ್ತು, ಪಟ್ಟೆಗಳು ಎಲ್ಲೆಲ್ಲಿ ಬರಬೇಕೋ ಅಲ್ಲಲ್ಲಿಯೇ. ಬುಟ್ಟಿಯಿಂದ ಒಂದು ಕಂಡಿಕೆ ಕದ್ದು ಓಡುತ್ತಿದ್ದ ಬೆಕ್ಕನ್ನು ಅಂದು ಯಾರೂ ಅಟ್ಟಿಸಿಕೊಂಡು ಹೋಗಲಿಲ್ಲ.

ಊಟದ ಹೊತ್ತಿಗೆ ಅಪ್ಪ ತನ್ನ ಮುದ್ದೆಯ ಮೇಲಿನ ಬೆಣ್ಣೆಯನ್ನು ಬೆರಳಿನಲ್ಲಿ ತೆಗೆದುಕೊಂಡು ಮೂಲೆಯಲ್ಲಿದ್ದ ಚಿಪ್ಪುಗಳ ಹತ್ತಿರ ಹೋದ. ಅರ್ಧವನ್ನು ಕೆಂಪಿನಡಿ ಇಟ್ಟ, ಅರ್ಧವನ್ನು ಹಸಿರಿನಡಿ ಇಟ್ಟ.

"ಭಾವ, ಹಂಗಿಟ್ರೆ ಪರೀಕ್ಷೆ ಹೆಂಗಾಗತ್ತೆ?" ಎಂದ ಮಾವ.

"ಪರೀಕ್ಷೆ ಸಾಕು" ಎಂದ ಅಪ್ಪ. "ಯಾವ್ದು ಎತ್ತಿದ್ರೂ ಸಿಗ್ಲಿ."