ಆಷಾಢದಲ್ಲಿ ಬಂದ ಕಾರು

ನನ್ನಣ್ಣ ಮೂವತ್ತು ವರ್ಷಕ್ಕೂ ಮೇಲೆ ಕಾರು ಓಡಿಸಿದ. ಅದರಲ್ಲಿ ಒಂದೂ ಅವನದಲ್ಲ. ಮೊದಲು ಹುಣಸೂರಿನ ಹೊಗೆಸೊಪ್ಪಿನ ವ್ಯಾಪಾರಿಯೊಬ್ಬರ ಮನೆ ಕಾರು, ಆಮೇಲೆ ಬಾಡಿಗೆ ಗಾಡಿಗಳು. ಪಿರಿಯಾಪಟ್ಟಣದ ಹೆಣ್ಣುಗಳನ್ನು ಕೆ.ಆರ್. ನಗರದ ಗಂಡನ ಮನೆಗಳಿಗೆ ಮುಟ್ಟಿಸಿದ್ದಾನೆ, ಎಚ್.ಡಿ. ಕೋಟೆಯ ಕಾಡಂಚಿನಿಂದ ನೋವು ತಿನ್ನುತ್ತಿದ್ದ ಬಸುರಿಯರನ್ನು ಮೈಸೂರಿನ ಆಸ್ಪತ್ರೆಗೆ ಸೇರಿಸಿದ್ದಾನೆ. ಆದರೆ ಅವನು ಓಡಿಸುವ ಕಾರಿನ ಮುಂದಿನ ಸೀಟಿನಲ್ಲಿ ನಮ್ಮ ಅತ್ತಿಗೆ ಒಂದು ದಿನವೂ ಕೂತವರಲ್ಲ. ಬೇರೆಯವರ ಗಾಡಿಯಲ್ಲಿ ಹೆಂಡತಿಯನ್ನು ಕೂರಿಸಿಕೊಂಡು ಓಡಾಡಿದರೆ ಮಾಲೀಕ ಏನಂದುಕೊಂಡಾನು ಎಂಬ ಸಂಕೋಚ ಇವನಿಗೆ. ಅತ್ತಿಗೆ ತವರಿಗೆ ಹೋಗುವುದಿದ್ದರೆ ಬಸ್ಸು. ಅದೇ ದಿನ ಅದೇ ದಾರಿಯಲ್ಲಿ ಇವನು ಖಾಲಿ ಕಾರು ಓಡಿಸಿಕೊಂಡು ಹೋಗುತ್ತಿದ್ದರೂ ಅವರಿಗೆ ಬಸ್ಸೇ. ಇಂಥ ಪ್ರಾಮಾಣಿಕತೆಯನ್ನು ಉಪ್ಪಿನಕಾಯಿ ಹಾಕಬೇಕೆ ಎಂದು ನಾನು ಎಷ್ಟೋ ಸಲ ರೇಗಿದ್ದೇನೆ. ಅವನು ನಗುತ್ತಿದ್ದ.

ಕಣ್ಣಿನ ತೊಂದರೆ ಯಾವಾಗ ಶುರುವಾಯಿತೋ ಅವನಿಗೇ ಗೊತ್ತಾಗಲಿಲ್ಲ. ಪಕ್ಕದಿಂದ ಬರುವ ಬೈಕು ಕಾಣದೆ, ಇದ್ದಕ್ಕಿದ್ದ ಹಾಗೆ ಎದುರಿಗೇ ಎದ್ದು ನಿಲ್ಲುತ್ತಿತ್ತಂತೆ. ಮೈಸೂರಿನ ಕಣ್ಣಿನ ಡಾಕ್ಟರು ನನ್ನನ್ನೂ ಒಳಗೆ ಕರೆದು ಹೇಳಿದರು. ಕಣ್ಣೊಳಗಿನ ಒತ್ತಡಕ್ಕೆ ನರ ಒಣಗಿದೆ, ಹೋದದ್ದು ವಾಪಸ್ಸು ಬರುವುದಿಲ್ಲ, ಎರಡೂ ಬದಿಯಿಂದ ನೋಟ ಮುಚ್ಚುತ್ತಾ ಬರುತ್ತದೆ. ರಾತ್ರಿ ಓಡಿಸುವುದನ್ನು ಇವತ್ತೇ ಬಿಡಬೇಕು. ಹಗಲು ಹೊತ್ತು, ಗೊತ್ತಿರುವ ದಾರಿ, ನಿಧಾನಕ್ಕೆ ಅಂದರೆ ಇನ್ನೊಂದಾರು ತಿಂಗಳು ನಡೆದೀತು, ಆಮೇಲೆ ಸ್ಟೇರಿಂಗ್ ಮುಟ್ಟುವ ಹಾಗಿಲ್ಲ. ಅಣ್ಣ ಮರುದಿನ ಬೆಳಗ್ಗೆಯೇ ಹೋಗಿ ಬಾಡಿಗೆ ಗಾಡಿಯ ಕೀ ಮಾಲೀಕನಿಗೆ ಕೊಟ್ಟು ಬಂದ. ಯಾರೂ ಕೇಳಿರಲಿಲ್ಲ.

ಅದಾದ ಕೆಲವು ದಿನಕ್ಕೆ ಜಗಲಿಯ ಮೇಲೆ ಕೂತು ನನ್ನನ್ನು ಕರೆದ. ಯುಗಾದಿ ಕಳೆದ ಹೊಸತು. ಫೋನಿನಲ್ಲಿ ಒಂದು ಕಾರಿನ ವಿಡಿಯೋ ಹಾಕಿಕೊಂಡಿದ್ದ. ಆ ವಾರವಷ್ಟೇ ಬಿಡುಗಡೆಯಾದ ಮಾಡೆಲ್ಲು, ರಸ್ತೆಗೆ ಇನ್ನೂ ಇಳಿದಿರಲಿಲ್ಲ.

"ಇನ್ನೂ ಯಾರೂ ಓಡಿಸ್ದೇ ಇರೋ ಗಾಡಿ ಕಣ್ಲಾ ಇದು," ಎಂದ. "ಷೋರೂಮಿಂದ ಊರ್‌ಗಂಟ ನಾನೇ ಓಡಿಸ್ಕಂಡು ಬತ್ತೀನಿ. ನಿಮ್ಮತ್ತಿಗೆ ಮುಂದ್ಗಡೆ ಕೂತಿರ್ಬೇಕು. ಒಂದೇ ಸಲ. ಆಮೇಕೆ ನೀನೇ ಮಡಿಕ್ಕೊ."

ನಾನು ಹೇಗೂ ಕಾರು ಕೊಳ್ಳುವ ಯೋಚನೆಯಲ್ಲಿದ್ದೆ. ಸೆಕೆಂಡ್ ಹ್ಯಾಂಡ್ ಆದರೆ ನಾಳೆಯೇ ತರಬಹುದಲ್ಲ ಎಂದೆ. ಅವನು ತಲೆ ಅಲ್ಲಾಡಿಸಿದ. ಬೇರೆಯವರು ಕೂತು ತಗ್ಗು ಬೀಳಿಸಿದ ಸೀಟು ಸಾಕಾಗಿತ್ತು ಅವನಿಗೆ. ನಾನು ಹುಟ್ಟಿದಾಗಿನಿಂದ ಅವನು ನನ್ನ ಹತ್ತಿರ ಕೇಳಿದ್ದು ಅದೊಂದೇ. ಬುಕಿಂಗ್ ಅವನ ಹೆಸರಿನಲ್ಲೇ ಮಾಡಿಸುತ್ತೇನೆ ಎಂದೆ, ಒಂದು ಗಾಡಿಯ ಕಾಗದದಲ್ಲಾದರೂ ಮಾಲೀಕ ಎನ್ನುವ ಕಡೆ ಅವನ ಹೆಸರಿರಲಿ ಎಂದು.

ಹುಣಸೂರಿನಲ್ಲಿ ಆ ಕಂಪನಿಯ ಒಂದು ಶಾಖೆ ಇತ್ತು. ಒಂದು ಮೇಜು, ನಾಲ್ಕು ಕುರ್ಚಿ, ಗೋಡೆಯ ಮೇಲೆ ಕಾರಿನ ಚಿತ್ರ. ಕಾರು ಒಂದೂ ಇಲ್ಲ. ಅಲ್ಲಿದ್ದವನು ಕಂಪ್ಯೂಟರಿನಿಂದ ತಲೆಯೆತ್ತದೆ, ಅದು ಹೊಸ ಮಾಡೆಲ್ಲು, ಮೈಸೂರಿಗೇ ಹೋಗಿ ಎಂದ. ಮೈಸೂರಿನ ಮೊದಲ ಷೋರೂಮಿನಲ್ಲಿ ಕಾಫಿ ಕೊಟ್ಟರು, ತಣ್ಣಗಿನ ಏಸಿಯಲ್ಲಿ ಕೂರಿಸಿದರು, ಎಂಟು ತಿಂಗಳಾಗುತ್ತದೆ ಎಂದರು. ಎಲ್ಲಕ್ಕಿಂತ ಮೇಲಿನ ಮಾಡೆಲ್ ತಗೊಂಡರೆ, ಇನ್ಶೂರೆನ್ಸು, ಸೀಟ್ ಕವರು, ಮ್ಯಾಟು ಎಲ್ಲ ಅವರಲ್ಲೇ ಮಾಡಿಸಿದರೆ ಐದಕ್ಕೆ ಇಳಿಯುತ್ತದಂತೆ. ಮ್ಯಾಟು ಕೊಂಡರೆ ಕಾರು ಬೇಗ ಬರುವುದು ಹೇಗಪ್ಪ ಎಂದು ಕೇಳಿದೆ. ಅವರು ಪಾಲಿಸಿ ಎಂದರು. ಪಾಲಿಸಿ ಎಂಬ ಮಾತು ಕೇಳಿದರೇ ನನಗೆ ಮೈ ಉರಿಯುತ್ತದೆ. ಎದ್ದು ಬಂದೆ.

ಎರಡನೆಯ ಷೋರೂಮಿನಲ್ಲಿ ನಮ್ಮನ್ನು ನೋಡಿಕೊಂಡದ್ದು ಪಿರಿಯಾಪಟ್ಟಣದ ಕಡೆಯ ಒಬ್ಬ ಹೆಣ್ಣುಮಗಳು. ನಮ್ಮ ಮಾತು ಕೇಳಿಯೇ ಅವಳ ಮುಖ ಅರಳಿತು. ಮೂರು ತಿಂಗಳು ಸಾರ್, ಅಷ್ಟರೊಳಗೆ ಕೊಡಿಸಲು ನೋಡುತ್ತೇನೆ, ಸುಳ್ಳು ಹೇಳೋಲ್ಲ ಎಂದಳು. ಪ್ರದರ್ಶನಕ್ಕೆ ನಿಲ್ಲಿಸಿದ್ದ ಕಾರಿನ ಬಾಗಿಲು ತೆಗೆದು ಅಣ್ಣನನ್ನು ಕೂರಲು ಹೇಳಿದಳು. ಅಣ್ಣ ಚಪ್ಪಲಿ ಬಿಟ್ಟು ಹತ್ತಿದ. ಸೀಟು ಮುಂದೆ ಎಳೆದುಕೊಂಡ, ಕನ್ನಡಿ ತಿರುಗಿಸಿಕೊಂಡ, ಕ್ಲಚ್ಚು ಒತ್ತಿ ನೋಡಿದ, ಗೇರ್ ರಾಡಿನ ಮೇಲೆ ಅಂಗೈ ಇಟ್ಟುಕೊಂಡ. ಎಡಗಡೆಯ ಸೀಟಿನತ್ತ ಪೂರಾ ಕತ್ತು ತಿರುಗಿಸಿ ನೋಡಿದ. ಬರಿಯ ಕಣ್ಣು ಹೊರಳಿಸಿದರೆ ಆ ಸೀಟು ಅವನಿಗೆ ಆಗಲೇ ಕಾಣುತ್ತಿರಲಿಲ್ಲ ಎಂದು ನನಗೆ ಆಗ ಹೊಳೆಯಿತು.

ಬುಕ್ ಮಾಡಿ ಬಂದ ಮೇಲೆ ಕಾಯುವುದು ಶುರುವಾಯಿತು. ಫೋನಿಗೆ ಡಿಯರ್ ಕಸ್ಟಮರ್ ಎಂದು ಮೆಸೇಜುಗಳು ಬರುತ್ತಿದ್ದವು. ನಿಮ್ಮ ಕಾರು ನಮಗೆ ಮುಖ್ಯ, ನಿಮ್ಮ ತಾಳ್ಮೆಗೆ ಧನ್ಯವಾದ. ತಾಳ್ಮೆ ಯಾರಿಗಿತ್ತು? ನಾನು ವಾರಕ್ಕೆರಡು ಸಲ ಫೋನು ಮಾಡುತ್ತಿದ್ದೆ. ಒಂದು ಸಲ ಯಾವುದೋ ಬಿಡಿಭಾಗ ಬಂದಿಲ್ಲ, ಒಂದು ಸಲ ಬಣ್ಣ ಇಲ್ಲ, ಒಂದು ಸಲ ಕಾರುಗಳ ಲೋಡು ಬೇರೆ ಊರಿಗೆ ಹೋಯಿತು. ಹೊಗೆಸೊಪ್ಪಿನ ಹೊಲದ ನಡುವೆ ನಿಂತು ನಾನು ಕೂಗಾಡುವುದು ಪಕ್ಕದ ಹೊಲಕ್ಕೆಲ್ಲ ಕೇಳುತ್ತಿತ್ತು.

ಅಣ್ಣ ಕೂಗಾಡಲಿಲ್ಲ. ಅವನು ದಿನಾ ಬೆಳಗ್ಗೆ ಜಗಲಿಯ ತುದಿಯಲ್ಲಿ ನಿಂತು ಎರಡೂ ಕೈ ಅಗಲಕ್ಕೆ ಚಾಚಿ, ಹೆಬ್ಬೆರಳು ಅಲ್ಲಾಡಿಸುತ್ತಾ, ನಿಧಾನಕ್ಕೆ ಮುಂದಕ್ಕೆ ತರುತ್ತಿದ್ದ. ಹೆಬ್ಬೆರಳು ಎಲ್ಲಿ ಕಣ್ಣಿಗೆ ಬೀಳುತ್ತದೋ ಅಲ್ಲಿ ನಿಲ್ಲಿಸುತ್ತಿದ್ದ. ಅದು ಅವನೇ ಕಂಡುಕೊಂಡ ಪರೀಕ್ಷೆ. ಯುಗಾದಿ ಕಳೆದ ಹೊಸದರಲ್ಲಿ ಅವನ ಕೈಗಳು ಒಂದು ಎತ್ತಿನ ಅಗಲಕ್ಕೆ ನಿಲ್ಲುತ್ತಿದ್ದವು. ಮುಂಗಾರು ಬಿದ್ದ ಮೇಲೆ ಒಂದು ಮೊರದ ಅಗಲಕ್ಕೆ ಬಂದವು. ನಾನು ಹಲ್ಲುಜ್ಜುತ್ತಾ ಓರೆಗಣ್ಣಿನಲ್ಲಿ ನೋಡಿ, ನೋಡದವನ ಹಾಗೆ ಬಚ್ಚಲಿಗೆ ಹೋಗಿಬಿಡುತ್ತಿದ್ದೆ.

ಹೇಳಿದ ಮೂರು ತಿಂಗಳಿಗೆ ಸರಿಯಾಗಿ ಷೋರೂಮಿನ ಆ ಹೆಣ್ಣುಮಗಳ ಫೋನು ಬಂತು. ಹೊಗೆಸೊಪ್ಪಿನ ಮೊದಲ ಎಲೆ ಮುರಿಯುತ್ತಿದ್ದೆವು. ಅಂಟು ಅಂಟು ಕೈಯಲ್ಲೇ ಫೋನು ಹಿಡಿದೆ. ಕಾರು ಬಂದಿದೆ ಸಾರ್, ನಾಳಿದ್ದೇ ತಗೊಂಡು ಹೋಗಬಹುದು ಎಂದಳು. ಖುಷಿಯಲ್ಲಿ ಬರುತ್ತೇವೆ ಎನ್ನಲು ಬಾಯಿ ತೆರೆದೆ. ಮರುಗಳಿಗೆಗೆ ನೆನಪಾಯಿತು, ಆಷಾಢ.

ನಮ್ಮ ಮನೆಯಲ್ಲಿ ಆಷಾಢದಲ್ಲಿ ಒಂದು ಸೈಕಲ್ಲನ್ನೂ ತಂದವರಿಲ್ಲ. ನಾನು ಕಾಲೇಜು ಓದಿದವನು, ರಾಹುಕಾಲ ಕೇಳುವವರನ್ನು ಗೇಲಿ ಮಾಡಿದವನು. ಆದರೂ ಆವತ್ತು ಹೆದರಿದೆ. ಅರ್ಧ ನೋಟ ಹೋದ ಅಣ್ಣ, ಅವನ ಪಕ್ಕದಲ್ಲಿ ಅತ್ತಿಗೆ, ಶೂನ್ಯಮಾಸದಲ್ಲಿ ಹೊಸ ಗಾಡಿ. ಏನಾದರೂ ಹೆಚ್ಚುಕಮ್ಮಿ ಆದರೆ ಜೀವಮಾನವಿಡೀ ನನ್ನನ್ನು ನಾನು ಕ್ಷಮಿಸಿಕೊಳ್ಳಲಾರೆ ಎನ್ನಿಸಿತು. ಆಷಾಢ ಮುಗಿಯಲು ಹದಿನೈದು ದಿನ ಇತ್ತು. ಶ್ರಾವಣದ ಮೊದಲ ಶುಕ್ರವಾರ ಬರುತ್ತೇವೆ, ಅಲ್ಲಿವರೆಗೆ ಇಟ್ಟಿರಿ ಎಂದೆ.

ಅವಳು ಬಿಡಿಸಿ ಹೇಳಿದಳು. "ಆಸಾಡ ಅಂತ ಎಲ್ರೂ ಮುಂದಕ್ಕಾಕ್ತಾರೆ ಸಾರ್, ಅದಕ್ಕೇ ನಿಮ್ ಸರದಿ ಇಷ್ಟು ಬೇಗ ಬಂದೈತೆ. ಈಗ ಬುಟ್ರೆ ಮುಂದಿನೋರ್ಗೆ ಓಯ್ತದೆ. ಆಮೇಲೆ ನನ್ ಕೈಲಿ ಏನೂ ಇರಲ್ಲ."

ಹದಿನೈದು ದಿನ ಒಂದು ಕಾರು ನಿಲ್ಲಿಸಿಕೊಳ್ಳಲು ನಿಮಗೆ ಜಾಗ ಇಲ್ಲವೇನಮ್ಮ ಎಂದು ಅವಳ ಮೇಲೇ ಹಾರಾಡಿದೆ. ಕೇಳಿ ನೋಡುತ್ತೇನೆ ಸಾರ್ ಎಂದಳು, ದನಿ ಇಳಿಸಿ. ನಾನು ಅದನ್ನೇ ಒಪ್ಪಿಗೆ ಎಂದುಕೊಂಡೆ.

ಅಣ್ಣನಿಗೆ ಹೇಳಲಿಲ್ಲ. ಹೇಳಿದ್ದರೆ ಅವನು ಆಷಾಢವೂ ಇಲ್ಲ ಗೀಷಾಢವೂ ಇಲ್ಲ, ನಡಿ ಎಂದು ಅಂಗಿ ಹಾಕಿಕೊಂಡು ಹೊರಟುಬಿಡುತ್ತಿದ್ದ. ಅದು ನನಗೆ ಚೆನ್ನಾಗಿ ಗೊತ್ತಿತ್ತು, ಅದಕ್ಕೇ ಹೇಳಲಿಲ್ಲ. ಶುಕ್ರವಾರ ಬೆಳಗ್ಗೆ ಎಬ್ಬಿಸಿ ಒಮ್ಮೆಲೇ ಹೇಳೋಣ ಎಂದು ನನ್ನನ್ನೇ ನಾನು ಪುಸಲಾಯಿಸಿಕೊಂಡೆ. ಆ ಹದಿನೈದು ದಿನ ಅವನು ಕಾರಿನ ವಿಚಾರ ಒಂದು ಸಲವೂ ಎತ್ತಲಿಲ್ಲ. ನನಗೆ ಅದು ಹಗುರವೇ ಆಯಿತು.

ಶ್ರಾವಣ ಬಂತು. ಫೋನು ಮಾಡಿದೆ. ಆ ಕಾರು ಹೋಗಿತ್ತು. ಮೈಸೂರಿನವರೇ ಯಾರೋ, ಆಷಾಢ ನೋಡದವರು, ಮಾರನೆಯ ದಿನವೇ ಬಂದು ಒಯ್ದಿದ್ದರು. ನಾನು ಬಸ್ಸು ಹತ್ತಿ ಹೋಗಿ ಮ್ಯಾನೇಜರನ ಕೋಣೆಯಲ್ಲಿ ಮೇಜು ಕುಟ್ಟಿದೆ. ಬಾಯಿಗೆ ಬಂದದ್ದೆಲ್ಲ ಅಂದೆ. ಅವರೂ ಕಾಫಿ ತರಿಸಿದರು. ಆ ಹೆಣ್ಣುಮಗಳು ಬಾಗಿಲ ಹತ್ತಿರ ತಲೆ ತಗ್ಗಿಸಿಕೊಂಡು ನಿಂತಿದ್ದಳು. ಹೊರಗೆ ಬಂದಾಗ, ಅವತ್ತೇ ಹೇಳಿದ್ದೆನಲ್ಲ ಸಾರ್ ಎಂದಳು, ಅಷ್ಟೇ. ಅಣ್ಣನ ಕಣ್ಣಿನ ವಿಚಾರ ನಾನು ಅವಳಿಗೆ ಯಾವತ್ತೂ ಹೇಳಿರಲಿಲ್ಲ. ಆಗ ಹೇಳಿದೆ. ಹೇಳಬೇಕಾದ ಹೊತ್ತು ದಾಟಿತ್ತು.

ಶ್ರಾವಣದಲ್ಲಿ ಎಲ್ಲರಿಗೂ ಕಾರು ಬೇಕು. ಗೌರಿ ಗಣೇಶನಿಗೆ ಬೇಕು, ದಸರೆಗೆ ಬೇಕು. ನಡುವೆ ಪಿತೃಪಕ್ಷ, ಆಗ ಯಾರಿಗೂ ಬೇಡ. ಆಗಲಾದರೂ ಕೊಡಿ, ಯಾವ ಪಕ್ಷವಾದರೂ ಸರಿ ಎಂದು ನಾನು ಅಂಗಲಾಚಿದೆ. ಆಗ ಲೋಡೇ ಬರಲಿಲ್ಲ. ಜಗಲಿಯ ಮೇಲೆ ಅಣ್ಣನ ಎರಡು ಹೆಬ್ಬೆರಳು ಒಂದು ತಟ್ಟೆಯ ಅಗಲಕ್ಕೆ ಬಂದವು, ಆಮೇಲೆ ಒಂದು ಲೋಟದ ಅಗಲಕ್ಕೆ. ದಸರೆ ಕಳೆದ ಮೇಲೆ ಒಂದು ಬೆಳಗ್ಗೆ ಅವನು ಜಗಲಿಗೆ ಬರಲಿಲ್ಲ. ಮರುದಿನವೂ ಬರಲಿಲ್ಲ. ಡಾಕ್ಟರು ಮತ್ತೆ ನೋಡಿ, ಇನ್ನು ಬೇಡ ಎಂದು ಬರೆದುಕೊಟ್ಟರು.

ಕಾರು ಬಂದದ್ದು ದೀಪಾವಳಿ ಮುಗಿದು ಕಾರ್ತೀಕದಲ್ಲಿ. ಬುಕಿಂಗ್ ರದ್ದು ಮಾಡಿಸುತ್ತೇನೆ ಎಂದರೆ ಅಣ್ಣ ಒಪ್ಪಲಿಲ್ಲ. ಮೂವರೂ ಹೋದೆವು. ಷೋರೂಮಿನಲ್ಲಿ ಕಾರಿಗೆ ಕೆಂಪು ಬಟ್ಟೆ ಹೊದಿಸಿ, ರಟ್ಟಿನಲ್ಲಿ ಮಾಡಿದ ಮೊಳದುದ್ದದ ಕೀ ಹಿಡಿಸಿ, ಹಾಡು ಹಾಕಿದರು. ಮಾಲೀಕರು ಬಟ್ಟೆ ಎಳೆಯಬೇಕು ಎಂದರು. ಅಣ್ಣನ ಕೈ ಬಟ್ಟೆಯ ಪಕ್ಕದ ಗಾಳಿಯನ್ನು ಹಿಡಿಯಿತು. ಅತ್ತಿಗೆ ಸದ್ದಿಲ್ಲದೆ ಆ ಕೈಯನ್ನು ಬಟ್ಟೆಯ ಮೇಲಿಟ್ಟರು. ಎಲ್ಲರೂ ಚಪ್ಪಾಳೆ ತಟ್ಟಿದರು. ನನಗೆ ಅಲ್ಲೇ ಎಲ್ಲರ ಕಪಾಳಕ್ಕೂ ಬಾರಿಸಬೇಕು ಎನ್ನಿಸಿತು, ಮೊದಲು ನನ್ನದಕ್ಕೆ.

ಚಕ್ರದಡಿ ನಿಂಬೆಹಣ್ಣು ಇಟ್ಟಾದ ಮೇಲೆ ಅಣ್ಣ ಕೀಯನ್ನು ನನ್ನ ಕೈಗೆ ಕೊಟ್ಟ. ನಾನು ಮುಂದಿನ ಬಾಗಿಲು ತೆಗೆದು ಅತ್ತಿಗೆಯನ್ನು ಕರೆದೆ. ಅವರು ಹಿಂದಿನ ಬಾಗಿಲು ತೆಗೆದು ಅಣ್ಣನನ್ನು ಹತ್ತಿಸಿ, ತಾವೂ ಪಕ್ಕದಲ್ಲಿ ಕೂತರು.

"ಅವ್ರು ಓಡಿಸ್ದಾಗ ಮುಂದ್ಗಡೆ ಕೂರ್ತೀನಿ ಅಂದಿದ್ದೆ," ಎಂದರು. "ಈಗ ಇಲ್ಲೇ ಸರಿ ಬುಡಿ."

ದಾರಿಯಲ್ಲಿ ಬಿಳಿಕೆರೆ ಸಿಕ್ಕಿತು. ಅಲ್ಲಿ ಕಾರು ನಿಲ್ಲಿಸಿ, ಮನೆಯಲ್ಲಿ ಪೂಜೆಗೆಂದು ತೆಂಗಿನಕಾಯಿ, ಬಾಳೆಹಣ್ಣು, ನೆರೆಯವರಿಗೆ ಹಂಚಲು ಸಿಹಿ ಕೊಂಡು, ದೊಡ್ಡ ಚೀಲವನ್ನು ಮುಂದಿನ ಸೀಟಿನ ಮೇಲಿಟ್ಟೆ. ನನಗೆ ತಡೆಯಲಾಗಲಿಲ್ಲ. ಹಳ್ಳಿಯ ಕಡೆಗೊಂದು ಖಾಲಿ ದಾರಿ ಇದೆ, ಒಂದು ಮಾರು ದೂರ ಓಡಿಸು, ನಾನು ಪಕ್ಕದಲ್ಲಿ ಹ್ಯಾಂಡ್ ಬ್ರೇಕ್ ಹಿಡಿದಿರುತ್ತೇನೆ ಎಂದು ಅಣ್ಣನನ್ನು ಬೇಡಿಕೊಂಡೆ.

"ಬ್ಯಾಡ ಕಣ್ಲಾ," ಎಂದ. "ಇಷ್ಟು ವರ್ಸ ಬ್ಯಾರೆಯೋರ ಗಾಡಿಗೆ ಒಂದ್ ಗೀರು ಬೀಳಿಸ್ನಿಲ್ಲ. ನಮ್ದುಕ್ಕೆ ಬೀಳಿಸ್ಲಾ?"

ಆಗ ನಾನು ಹೇಳಿದೆ. ಆಷಾಢದಲ್ಲೇ ಬಂದಿತ್ತು ಅಣ್ಣ, ನಾನೇ ಬೇಡ ಎಂದೆ, ನಿನಗೆ ಹೇಳಲಿಲ್ಲ ಎಂದೆ. ಸ್ಟೇರಿಂಗ್ ಹಿಡಿದುಕೊಂಡು, ಮುಂದಿನ ಗಾಜು ನೋಡುತ್ತಾ ಹೇಳಿದೆ, ತಿರುಗುವ ಧೈರ್ಯ ಬರಲಿಲ್ಲ.

"ಗೊತ್ತು," ಎಂದ ಅಣ್ಣ. "ಬುಕಿಂಗು ನನ್ ಹೆಸರಲ್ಲಿತ್ತಲ್ಲ, ನನ್ ಫೋನ್‌ಗೂ ಮೆಸೇಜು ಬಂದಿತ್ತು. ನಿಮ್ಮತ್ತಿಗೆ ಓದಿ ಹೇಳುದ್ಲು."

ಮತ್ತೆ ಯಾಕೆ ನನ್ನನ್ನು ಕೇಳಲಿಲ್ಲ ಎಂದೆ.

"ನೀನೇ ಬಂದು ಹೇಳ್ತೀಯ ಅಂತ ಕಾಯ್ತಿದ್ದೆ ಕಣ. ದಿನಾ ಅಂಗಿ ಹಾಕ್ಕಂಡೇ ಕೂತಿರ್ತಿದ್ದೆ."

ಅತ್ತಿಗೆ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡರು. ನಾನು ಅತ್ತುಬಿಟ್ಟೆ. ಹೆದ್ದಾರಿಯಲ್ಲಿ ಬಸ್ಸುಗಳು ಹಾರ್ನ್ ಹೊಡೆಯುತ್ತಾ ಹುಣಸೂರಿನತ್ತ ಹೋಗುತ್ತಿದ್ದವು. ಎಷ್ಟೋ ಹೊತ್ತಿನ ಮೇಲೆ ಗಾಡಿ ಸ್ಟಾರ್ಟ್ ಮಾಡಿದೆ. ಟೊಂಯ್ ಟೊಂಯ್ ಎಂದು ಅದು ಕೂಗತೊಡಗಿತು. ಏನು ಕೆಟ್ಟಿತೋ ಎಂದು ನಾನು ಗುಂಡಿಗಳನ್ನೆಲ್ಲ ಒತ್ತಿ ನೋಡಿದೆ. ಅದು ನಿಲ್ಲಲಿಲ್ಲ.

ಮುಂದಿನ ಸೀಟಿನ ಮೇಲೆ ಏನು ಇಟ್ಟಿದ್ದೀಯ ಎಂದು ಅಣ್ಣ ಕೇಳಿದ. ಪೂಜೆಯ ಚೀಲ ಎಂದೆ. ಭಾರಕ್ಕೆ ಯಾರೋ ಕೂತಿದ್ದಾರೆ ಎಂದುಕೊಂಡಿದೆ, ಬೆಲ್ಟ್ ಹಾಕು, ಸುಮ್ಮನಾಗುತ್ತದೆ ಎಂದ. ನಾನು ಬಗ್ಗಿ, ಪ್ಲಾಸ್ಟಿಕ್ ಹೊದಿಕೆ ಇನ್ನೂ ತೆಗೆಯದ ಆ ಸೀಟಿನ ಬೆಲ್ಟನ್ನು ಎಳೆದು, ಚೀಲದ ಮೇಲಿಂದ ಹಾಯಿಸಿ ಸಿಕ್ಕಿಸಿದೆ. ಕೂಗು ನಿಂತಿತು.