ಕೈ ಚಾಂದಬೀಯದು, ಹೊಣೆ ಬಸವಂತರಾಯರದು

ನಿಜಾಮರ ಕಾಲದಲ್ಲಿ ಶಹಾಬಾದ, ವಾಡಿ, ಚಿತ್ತಾಪುರ, ಸೇಡಂ, ಚಿಂಚೋಳಿಗಳಲ್ಲಿ ಹಲ್ಲುನೋವು ಕಂಡವರ ಪೈಕಿ ಡಾಕ್ಟರ್ ಬಸವಂತರಾಯರ ಕುರ್ಚಿಯ ಮೇಲೆ ಕೂರದವರು ವಿರಳ. ಹಲ್ಲು ಕೀಳಿಸುವುದೆಂದರೆ ಸಂತೆಯ ಮೂಲೆಯಲ್ಲಿ ಯಾರದೋ ಮುಂದೆ ಕಣ್ಣು ಮುಚ್ಚಿ ಬಾಯಿ ತೆರೆಯುವುದು ಎಂದಷ್ಟೇ ಜನ ತಿಳಿದಿದ್ದ ದಿನಗಳಲ್ಲಿ, ಅದೊಂದು ವಿದ್ಯೆಯೆಂದೂ ಆ ವಿದ್ಯೆಗೊಂದು ಹೊಣೆಯಿದೆಯೆಂದೂ ಈ ಸೀಮೆಗೆ ತೋರಿಸಿಕೊಟ್ಟ ಹಿರಿಯರು ಅವರು. ಅಂಥವರು ಈ ವರ್ಷ ಇಕ್ಕಳ ಕೆಳಗಿಟ್ಟು ನಿವೃತ್ತರಾಗುತ್ತಿದ್ದಾರೆ. ಅವರ ಅಭಿನಂದನ ಸಂಪುಟಕ್ಕೆ ಬರೆಯಲು ವೈದ್ಯರು, ಕಂಪೌಂಡರುಗಳು ಬೇಕಾದಷ್ಟಿದ್ದಾರೆ. ವಕೀಲರಾದ ನಿಮಗೇನು ಕೆಲಸ ಎಂದು ಸಮಿತಿಯವರು ನನ್ನನ್ನು ಕೇಳಿದರು. ಅವರ ವಿರುದ್ಧ ದಾವಾ ನಡೆಸಿದ ವಕೀಲ ನಾನೊಬ್ಬನೇ, ಈ ಅರ್ಹತೆ ಬೇರೆ ಯಾರಿಗಿದೆ ತೋರಿಸಿ ಎಂದೆ. ಜಾಗ ಕೊಟ್ಟರು.

ಕಾಗಿಣಾ ದಂಡೆಯ ಮಳಖೇಡದಲ್ಲಿ ಹರಿಗೋಲು ಹಾಕುತ್ತಿದ್ದ ಮನೆತನದಲ್ಲಿ ಹುಟ್ಟಿ, ಹೈದರಾಬಾದಿನಲ್ಲಿ ದಂತವಿದ್ಯೆ ಕಲಿತು, ಅಲ್ಲಿಯೇ ಉಳಿದು ನವಾಬರ ಹಲ್ಲು ತೊಳೆದುಕೊಂಡು ಸುಖವಾಗಿರಬಹುದಾಗಿದ್ದ ಬಸವಂತರಾಯರು ಶಹಾಬಾದಕ್ಕೆ ಬಂದು ಸಣ್ಣ ದವಾಖಾನೆ ತೆರೆದರು. ಕಲ್ಲುಗಣಿಯಲ್ಲಿ ಚಕ್ಕೆ ಸಿಡಿದು ಹಲ್ಲು ಮುರಿದುಕೊಂಡವರೇ ಅವರ ಮೊದಲ ರೋಗಿಗಳು. ವಾಡಿಯ ರೈಲುಗಾಡಿ ಬರುವುದರೊಳಗೆ ಓಡಿಬಂದು, ಬೇಗ ಕಿತ್ತು ಕಳಿಸಿ ಎನ್ನುವವರೂ ಇದ್ದರು. ರಕ್ತ ನಿಲ್ಲುವವರೆಗೆ ಬಿಡುವುದಿಲ್ಲವೆಂದು ಡಾಕ್ಟರು ಅಂಥವರನ್ನು ಕೂರಿಸಿ ಗಾಡಿ ತಪ್ಪಿಸಿ, ಆಮೇಲೆ ತಮ್ಮ ಮನೆಯಲ್ಲೇ ಅಂಬಲಿ ಕುಡಿಸಿ, ಮರುದಿನದ ಗಾಡಿಗೆ ತಾವೇ ಹತ್ತಿಸಿ ಬರುತ್ತಿದ್ದರು. ಹಾಗೆ ಅವರನ್ನು ಬೈಯುತ್ತ ಅಂಬಲಿ ಕುಡಿದವರಲ್ಲಿ ನಾನೂ ಒಬ್ಬ.

ಆಗ ದೊಡ್ಡ ಮನೆತನಗಳಲ್ಲಿ ಹಿಂದೂ ಮುಸಲ್ಮಾನರೆನ್ನದೆ ಗೋಷಾ ಇತ್ತು. ಪರಪುರುಷನ ಮುಂದೆ ಮುಖವನ್ನೇ ತೋರಿಸದ ಹೆಣ್ಣುಮಗಳು ಬಾಯಿ ತೆರೆದು ಹಲ್ಲು ತೋರಿಸುವುದೆಲ್ಲಿ ಬಂತು! ನೋವಿನಲ್ಲಿ ಗಲ್ಲ ಊದಿಸಿಕೊಂಡು ಸಾಯಬೇಕಷ್ಟೆ. ಅದನ್ನು ನೋಡಲಾಗದೆ ಡಾಕ್ಟರು, ಗಂಡನನ್ನು ಕಳೆದುಕೊಂಡು ಇಬ್ಬರು ಹೆಣ್ಣುಮಕ್ಕಳನ್ನು ಸಾಕುತ್ತಿದ್ದ ಚಾಂದಬೀ ಎಂಬವರನ್ನು ಸಹಾಯಕಿಯಾಗಿ ಇಟ್ಟುಕೊಂಡು ಕೆಲಸ ಕಲಿಸಿದರು. ಪರದೆಯಾಚೆ ಚಾಂದಬೀ, ಈಚೆ ಡಾಕ್ಟರು; ಇವರು ಹೇಳಬೇಕು, ಅವರು ಮಾಡಬೇಕು. ಸಂತೆಯ ದಿನ ಸೇಡಮಿಗೂ ಇಬ್ಬರೂ ಹೋಗಿಬರುತ್ತಿದ್ದರು.

ಹೀಗಿರಲು ಸೇಡಂ ಕಡೆಯ ಜಮೀನುದಾರ ಅಂಬಾರಾಯರು ತಮ್ಮ ಹೆಂಡತಿ ವಿಮಲಾಬಾಯಿಯವರನ್ನು ಪರದೆ ಕಟ್ಟಿದ ಬಂಡಿಯಲ್ಲಿ ಕರೆತಂದರು. ಹೆಂಗಸರ ನೋವನ್ನು ಗಂಡಸರೇ ಬಂದು ಹೇಳುವುದು ಅಂದಿನ ಪದ್ಧತಿ. ಯಾವ ಹಲ್ಲು ಎಂದು ಡಾಕ್ಟರು ಕೇಳಿದರೆ ಅಂಬಾರಾಯರು ತಮ್ಮ ಬಲಗಲ್ಲದ ಮೇಲೆ ಕೈಯಿಟ್ಟು, ಇಲ್ಲಿ, ಕೆಳಗಿನ ದವಡೆ ಎಂದರು. ಡಾಕ್ಟರು ಪರದೆಯತ್ತ ತಿರುಗಿ, ಬಲಗಡೆಯ ಕೆಳದವಡೆಯ ಹಲ್ಲು ನೋಡಿ ತೆಗೆಯಿರಿ ಎಂದರು. ಚಾಂದಬೀ ನೋಡಿದರೆ ಅಲ್ಲಿಯ ಹಲ್ಲು ಎಲೆಯಡಿಕೆಯಿಂದ ಕಪ್ಪಾಗಿಯೇ ಇತ್ತು, ತೆಗೆದರು. ಪಕ್ಕದಲ್ಲಿ ಅತ್ತೆ ಕೂತಿದ್ದರಿಂದ ಸೊಸೆ ಉಸಿರೆತ್ತಲಿಲ್ಲ. ಮನೆಗೆ ಹೋದ ಮೇಲೆ ತಿಳಿಯಿತು: ನೋಯುವ ಹಲ್ಲು ಎಡಗಡೆ ಹಾಗೇ ಇದೆ, ಹೋದದ್ದು ಗಟ್ಟಿಮುಟ್ಟಾದ ಹಲ್ಲು.

ಅಂಬಾರಾಯರು ಕೆಂಡವಾಗಿ ನನ್ನಲ್ಲಿಗೆ ಬಂದರು. ಓದು ಬರಹವಿಲ್ಲದ ಹೆಂಗಸಿನ ಕೈಯಿಂದ ನಮ್ಮ ಮನೆಯ ಹೆಣ್ಣುಮಗಳ ಹಲ್ಲು ಕೀಳಿಸಿದ್ದಾರೆ, ಆಕೆಗೆ ಶಿಕ್ಷೆಯಾಗಲೇಬೇಕು ಎಂದು ಹಟ ಹಿಡಿದರು. ಸಹಾಯಕಿ ಎಲ್ಲಿಯವರೆಗೆ ಕೈ ಹಾಕಬಹುದು, ಅವಳ ತಪ್ಪಿಗೆ ಯಾರು ಹೊಣೆ ಎಂದು ಬರೆದಿಟ್ಟ ಕಟ್ಟಳೆಯನ್ನು ನಾನಂತೂ ಆಗ ಕಂಡಿರಲಿಲ್ಲ. ಇಬ್ಬರನ್ನೂ ಸೇರಿಸಿ ದಾವಾ ಹಾಕಿದೆ. ಅದು ನನ್ನ ವೃತ್ತಿ, ಅದಕ್ಕೆ ನಾನೇಕೆ ನಾಚಬೇಕು? ಆದರೆ ಡಾಕ್ಟರ ಹಿತೈಷಿಗಳು ಒಂದು ಸುಲಭದ ದಾರಿ ಹುಡುಕಿದರು. ನಾನು ಹೇಳಿರಲಿಲ್ಲ, ಚಾಂದಬೀ ತಾನೇ ಕಿತ್ತಳು ಎಂದು ಡಾಕ್ಟರು ಅದಾಲತ್ತಿನಲ್ಲಿ ಒಂದು ಮಾತು ಹೇಳಿದರೆ ಮುಗಿಯಿತು. ಅಂಬಾರಾಯರೂ ಅದಕ್ಕೆ ಒಪ್ಪಿದ್ದರು. ಹಾಗಾದರೆ ಡಾಕ್ಟರ ದವಾಖಾನೆ ಉಳಿಯುತ್ತಿತ್ತು. ಚಾಂದಬೀಗೆ ಜೈಲೋ, ಇಲ್ಲದಿದ್ದರೆ ಮತ್ತೆಲ್ಲೂ ಕೆಲಸ ಸಿಗದಂಥ ಕೆಟ್ಟ ಹೆಸರೋ ಖಾತ್ರಿಯಾಗಿತ್ತು, ಮಕ್ಕಳಿಬ್ಬರೂ ಬೀದಿಗೆ ಬೀಳುತ್ತಿದ್ದರು.

ವಿಚಾರಣೆಯ ದಿನ ಮುನ್ಸಿಫರು ಅಂಬಾರಾಯರಿಗೆ, ಹೆಂಡತಿ ಯಾವ ಗಲ್ಲ ಹಿಡಿದುಕೊಂಡಿದ್ದರು, ತೋರಿಸಿ ಎಂದರು. ಎದುರಿಗೆ ಕೂತು ಹೀಗೇ ಹಿಡಿದುಕೊಂಡಿದ್ದಳು ಎಂದು ಅವರು ಮತ್ತೆ ಬಲಗಲ್ಲವನ್ನೇ ಹಿಡಿದರು. ಮುನ್ಸಿಫರು ನಕ್ಕುಬಿಟ್ಟರು. ಎದುರಿಗೆ ಕೂತವರ ಎಡಗಲ್ಲ ನಮ್ಮ ಬಲಗೈಯ ಕಡೆಗಿರುತ್ತದೆ. ಮಹರಾಯರು ಕನ್ನಡಿಯಲ್ಲಿ ಕಂಡಂತೆ ತಿರುವುಮುರುವಾಗಿ ತೋರಿಸಿದ್ದರು! ನನ್ನ ದಾವಾ ನನ್ನ ಕಕ್ಷಿದಾರನ ಗಲ್ಲದ ಮೇಲೆಯೇ ಕುಸಿದು ಕೂತಿತು. ಈಗ ಡಾಕ್ಟರಿಗೆ ಚಾಂದಬೀ ಬೇಡವಾದರೆ ಅಂಬಾರಾಯರೂ ಸಿಕ್ಕಿದ್ದರು. ತಪ್ಪನ್ನು ಯಾರ ಮೇಲೆ ಹಾಕಿದರೂ ನಡೆಯುತ್ತಿತ್ತು.

ಬಸವಂತರಾಯರು ಎದ್ದು ನಿಂತು ಕೈಮುಗಿದರು. ಆ ಮಾತು ನನಗೆ ಇಂದಿಗೂ ಬಾಯಿಪಾಠ.

"ಕೈ ಚಾಂದಬೀ ಅವರದು, ಹೇಳಿದವ ನಾನು. ಅವರು ನನ್ನ ಮಾತು ಕೇಳ್ಯಾರ, ತಪ್ಪು ಮಾಡಿಲ್ಲ. ಅಂಬಾರಾಯರೂ ತಮಗ ಕಂಡಂಗ ಹೇಳ್ಯಾರ. ಹಲ್ಲು ಯಾರದೋ ಅವರನ್ನ ಕೇಳೋದು ಡಾಕ್ಟರನ ಕೆಲಸ. ನಾ ಕೇಳಲಿಲ್ಲರಿ. ಏನು ಶಿಕ್ಷಾ ಅದನೋ ನನಗ ಕೊಡ್ರಿ."

ಅದಾಲತ್ತಿನ ಹೊರಗೆ ಬಂಡಿಯಲ್ಲಿ ಅತ್ತೆಯೊಂದಿಗೆ ಕೂತಿದ್ದ ವಿಮಲಾಬಾಯಿಯವರನ್ನೂ ಕೇಳಬೇಕೆಂದು ಮುನ್ಸಿಫರು ಎದ್ದು ಬಂಡಿಯ ಬಳಿ ಬಂದರು. ನಾವೆಲ್ಲ ಹಿಂದೆ ಹೋದೆವು. ನಿಮ್ಮ ಅಹವಾಲೇನು ಎಂದರು. ಪರದೆಯೊಳಗಿಂದ ಉತ್ತರ ಬಂತು.

"ನನ್ನ ಹಲ್ಲಿನ ಸಲುವಾಗಿ ಎಲ್ಲಾರೂ ಮಾತಾಡ್ಲಿಕತ್ತೀರಿ. ಬ್ಯಾನಿ ಇನ್ನಾ ಹಂಗೇ ಅದ ರೀ. ಮೊದಲು ಅದನ್ನ ಕೀಳಸ್ರಿ. ಚಾಂದಬೀ ಅವರ ಕೈ ಭಾಳ ಹಗುರ ಅದ, ಅವರೇ ಕೀಳಲಿ."

ಪರದೆಯೊಳಗೆ ಅತ್ತೆಯವರು ಬೆಚ್ಚಿ ಶ್ ಎಂದದ್ದು ಕೇಳಿಸಿತು, ಅಂಬಾರಾಯರು ನೆಲ ನೋಡಿದರು, ಉಳಿದವರಿಗೆಲ್ಲ ನಗು ತಡೆಯಲಾಗಲಿಲ್ಲ. ಮುನ್ಸಿಫರು ಚಾಂದಬೀಯನ್ನು ದಾವಾದಿಂದ ಬಿಡುಗಡೆ ಮಾಡಿ, ಹೊಣೆ ಡಾಕ್ಟರದೆಂದೂ ವಿಮಲಾಬಾಯಿಯವರಿಗೆ ಅವರೇ ಪರಿಹಾರ ಕೊಟ್ಟು ಚಿಕಿತ್ಸೆ ಮುಗಿಸಬೇಕೆಂದೂ ತೀರ್ಪು ಕೊಟ್ಟರು. ಹೀಗೆ ದಾವಾ ಗೆದ್ದವನು ನಾನು; ಹೂವಿನ ಹಾರ ಬಿದ್ದದ್ದು ಮಾತ್ರ ಸೋತವರ ಕೊರಳಿಗೆ. ಅಂದೇ ಡಾಕ್ಟರು ಪರದೆಯೀಚೆ ನಿಂತು, ತಾಯಿ, ನೋಯುವ ಹಲ್ಲಿನ ಮೇಲೆ ನಿಮ್ಮ ಬೆರಳು ನೀವೇ ಇಡಿ ಎಂದು ಕೇಳಿಕೊಂಡು, ಚಾಂದಬೀ ಹೌದೆಂದ ಮೇಲೆಯೇ ಅಪ್ಪಣೆ ಕೊಟ್ಟರು.

ಅಲ್ಲಿಂದಾಚೆಗೆ ಅದು ಅವರ ದವಾಖಾನೆಯ ನಿಯಮವಾಯಿತು. ರೋಗಿ ತನ್ನ ಬೆರಳನ್ನು ತಾನೇ ಇಡಬೇಕು, ಅಲ್ಲಿಯವರೆಗೆ ಇಕ್ಕಳ ಏಳಬಾರದು. ಸಹಾಯಕರಿಗೆ ಅನುಮಾನ ಬಂದರೆ ಡಾಕ್ಟರೇ ಹೇಳಿದರೂ ಕೈ ನಿಲ್ಲಿಸಬೇಕು. ತಪ್ಪಾದರೆ ರೋಗಿ ಕೇಳುವ ಮೊದಲೇ ಡಾಕ್ಟರು ಹೇಳಬೇಕು. ತಾವು ಬಾಯಿಮಾತಿನಲ್ಲಿ ಕಲಿಸಿದ್ದು ಸಾಲದೆಂದು ಚಾಂದಬೀಯನ್ನು ಹೈದರಾಬಾದಿಗೆ ತರಬೇತಿಗೆ ಕಳಿಸಿ, ಅಷ್ಟು ದಿನ ಅವರ ಮಕ್ಕಳನ್ನು ತಮ್ಮ ಮನೆಯಲ್ಲಿಟ್ಟುಕೊಂಡು ಡಾಕ್ಟರು ಸಾಕಿದರು. ನನ್ನನ್ನೂ ಬಿಡಲಿಲ್ಲ. ಗೆದ್ದೀರಲ್ಲ, ಬಂದು ಕಾನೂನು ಹೇಳಿಕೊಡಿ ಎಂದು ಕಂಪೌಂಡರುಗಳ ಮುಂದೆ ನಿಲ್ಲಿಸಿದರು. ಚಿಂಚೋಳಿಯ ಆಚೆ ಕುಂಚಾವರಂ ಕಾಡಿನವರೆಗೂ ಅವರೊಂದಿಗೆ ಅಲೆದು, ಅರ್ಧ ತೆಲುಗಿನಲ್ಲಿ ಅರ್ಧ ಕನ್ನಡದಲ್ಲಿ ಪಾಠ ಹೇಳಿದ ಆ ದಿನಗಳಷ್ಟು ಸಂತೋಷ ನನಗೆ ಯಾವ ಕಚೇರಿಯೂ ಕೊಟ್ಟಿಲ್ಲ.

ಈಗ ಈ ಹೊಣೆಗಳಿಗೆಲ್ಲ ಕಾನೂನು ಪುಸ್ತಕ ಬಂದಿದೆ, ಒಳ್ಳೆಯದೇ. ಅದನ್ನು ಓದುವ ಹೊಸಬರಿಗೆ ಅದರ ಅರ್ಥ ಹೇಳಲು ಬಸವಂತರಾಯರು ಬೇಕು; ಇಕ್ಕಳ ಇಳಿಸಿದರೂ ಅವರು ಪಾಠ ನಿಲ್ಲಿಸಬಾರದು. ಬಸವಾದಿ ಶರಣರ ಕೃಪೆಯಿಂದ ಅವರಿಗೆ ನೂರು ವರ್ಷ ಆಯುಷ್ಯವಿರಲಿ, ಬಾಯಿತುಂಬ ಅವರದೇ ಹಲ್ಲುಗಳಿರಲಿ.

ಈ ಲೇಖನಕ್ಕೆ ಕೂರುವ ಮುನ್ನ, ಏನು ಬರೆಯಲಿ ಎಂದು ಚಾಂದಬೀಯನ್ನೇ ಕೇಳಿದೆ. ಹೆಂಗಸರ ಕೋಣೆಯಲ್ಲಿ ಇಕ್ಕಳ ಕುದಿಸುತ್ತಿದ್ದವರು ಕಣ್ಣೊರೆಸಿಕೊಂಡು ಹೇಳಿದರು:

"ಅವತ್ತು ಡಾಕ್ಟರ್ ಸಾಬ್ ತಪ್ಪು ನನ್ನ ಮ್ಯಾಲ ಹಾಕಿದ್ರ, ನನ್ನ ಮಾತು ಯಾರೂ ನಂಬತಿರಲಿಲ್ಲ ವಕೀಲ ಸಾಬ್. ಅವರಿಗೂ ಗೊತ್ತಿತ್ತು. ಆದರೂ ಹಾಕಲಿಲ್ಲ. ಅಷ್ಟು ಬರೀರಿ, ಸಾಕು."